ಬೇಲಿ ಬೇಡ, ಆಪರೇಟರ್ ಬೇಡ ಅನ್ನೋ ರೋಬೋಟ್: ಕೊಟೇಶನ್ ಓದೋದು ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಟರ್ನಿಂಗ್ ಶಾಪ್ (ಲೇತಿನಲ್ಲಿ ಲೋಹದ ಭಾಗ ಕಡೆಯುವ ಶೆಡ್) ಇದೆ. ಮೂರು ಸಿಎನ್‌ಸಿ ಲೇತ್, ಎರಡು ಶಿಫ್ಟ್, ಶಿಫ್ಟಿಗೆ ಮೂವರು ಆಪರೇಟರ್. ಎರಡು ಮೆಷಿನ್‌ನಲ್ಲಿ ಪಂಪಿನ ಕಾಸ್ಟ್ ಐರನ್ ಫ್ಲ್ಯಾಂಜ್ (ಪೈಪ್ ಜೋಡಿಸುವ ದುಂಡು ಬಿಲ್ಲೆ) ಮಾಡುತ್ತೇವೆ. ಒಂದರಲ್ಲಿ ಮೊದಲ ಸೈಡ್, ಇನ್ನೊಂದರಲ್ಲಿ ಎರಡನೇ ಸೈಡ್, ತಲಾ ಮೂರು ನಿಮಿಷ. ಕಚ್ಚಾ ಜಾಬ್ (ಲೇತಿಗೆ ಹಾಕುವ ತುಂಡು) 2 ಕೆ.ಜಿ., ಮುಗಿದ ಮೇಲೆ 1.6 ಕೆ.ಜಿ. ಮೂರನೇ ಮೆಷಿನ್‌ನಲ್ಲಿ 25 ಮಿ.ಮೀ. ರಾಡ್ ಕತ್ತರಿಸಿ ಬುಷ್ (ಉಂಗುರದಂಥ ಸಣ್ಣ ಭಾಗ) ಮಾಡುತ್ತೇವೆ, 40 ಸೆಕೆಂಡ್. ಹುಡುಗರು ಕೆಲಸ ಕಲಿತ ಮೇಲೆ ಬೆಂಗಳೂರಿಗೆ ಹೋಗಿಬಿಡುತ್ತಾರೆ, ಕಾಫಿ ಕೊಯ್ಲಿನ ಸಮಯದಲ್ಲಂತೂ ಹೆಲ್ಪರ್ ಕೂಡ ಸಿಗಲ್ಲ. ಒಬ್ಬ ಆಪರೇಟರಿಗೆ ಪಿಎಫ್, ಇಎಸ್ಐ ಸೇರಿ ತಿಂಗಳಿಗೆ 22 ಸಾವಿರ ಬೀಳುತ್ತದೆ. ಈಗ ಸೇಲ್ಸ್‌ನವರೊಬ್ಬರು ಬಂದು 5 ಕೆ.ಜಿ. ಎತ್ತುವ ಕೋಬೋಟಿಗೆ (ಜನರ ಪಕ್ಕದಲ್ಲೇ ಕೆಲಸ ಮಾಡುವ ರೋಬೋಟ್ ತೋಳು) 28 ಲಕ್ಷದ ಕೊಟೇಶನ್ ಕೊಟ್ಟಿದ್ದಾರೆ. "ಬೇಲಿ ಬೇಡ, ಪ್ರೋಗ್ರಾಮಿಂಗ್ ಬೇಡ, ಎರಡೂವರೆ ವರ್ಷದಲ್ಲಿ ದುಡ್ಡು ವಾಪಸ್" ಅನ್ನುತ್ತಾರೆ. ತಗೊಳ್ಳಲಾ? ದೊಡ್ಡ ಫ್ಯಾಕ್ಟರಿಗಳ ಥರ ಮಾಮೂಲಿ ರೋಬೋಟ್ ಹಾಕೋದು ಒಳ್ಳೆಯದಾ? ಹುಡುಗರು ಬೇರೆ "ನಮ್ಮನ್ನು ತೆಗೀತೀರಾ" ಅಂತ ಕೇಳುತ್ತಿದ್ದಾರೆ. ಇನ್ನೊಂದು ಮಾತು. ಚಿಕ್ಕಮಗಳೂರಿನಲ್ಲಿ ನಮ್ಮ ಭಾವನವರ ಕಾಫಿ ಕ್ಯೂರಿಂಗ್ (ಸಂಸ್ಕರಣೆ) ಘಟಕ ಇದೆ, ಮೂಟೆ ಎತ್ತೋಕೆ ಇದೇ ಆಗುತ್ತಾ ಅಂತ ಅವರು ಕೇಳುತ್ತಿದ್ದಾರೆ.

ಉತ್ತರ: ಕೋಬೋಟ್ ನಿಮಗೆ ಆಗಿಬರಬಹುದು. ಆದರೆ ಈ ಕೊಟೇಶನ್‌ಗೆ ಅಡ್ವಾನ್ಸ್ ಕೊಡಬೇಡಿ, ಯಾಕಂದರೆ ಅದನ್ನು ಬರೆದವರು ನಿಮ್ಮ ಜಾಬನ್ನು ಕೈಯಲ್ಲಿ ಹಿಡಿದು ನೋಡಿದ ಹಾಗೆ ಕಾಣಲ್ಲ.

ಮೊದಲು 5 ಕೆ.ಜಿ. ವಿಷಯಕ್ಕೇ ಬನ್ನಿ. ಕೋಬೋಟಿನ ಮೇಲೆ ಬರೆದಿರುವ ಆ ಸಾಮರ್ಥ್ಯದಲ್ಲಿ ಗ್ರಿಪ್ಪರ್ (ತೋಳಿನ ತುದಿಯಲ್ಲಿ ಜಾಬ್ ಹಿಡಿಯುವ ಕೈ) ತೂಕವೂ ಸೇರಿರುತ್ತದೆ. ಲೇತಿಗೆ ಜಾಬ್ ಹಾಕಿ ತೆಗೆಯೋದಕ್ಕೆ ಎರಡು ಬಾಯಿಯ ಗ್ರಿಪ್ಪರ್ ಬೇಕು. ಒಂದು ಬಾಯಲ್ಲಿ ಹೊಸ ಜಾಬ್ ಹಿಡಿದು ಒಳಗೆ ಹೋಗಬೇಕು, ಇನ್ನೊಂದರಲ್ಲಿ ಮುಗಿದದ್ದನ್ನು ತೆಗೆಯಬೇಕು, ಹಾಗೇ ತಿರುಗಿ ಹೊಸದನ್ನು ಲೇತಿನಲ್ಲಿ ಜಾಬ್ ಹಿಡಿಯುವ ಚಕ್‌ಗೆ ಕೂರಿಸಿ ಹೊರಗೆ ಬರಬೇಕು. ಒಂದೇ ಬಾಯಿಯ ಗ್ರಿಪ್ಪರ್ ಆದರೆ ಟ್ರೇಗೂ ಚಕ್‌ಗೂ ಎರಡೆರಡು ಸಲ ಓಡಾಟ, ಅಷ್ಟು ಹೊತ್ತು ಮೆಷಿನ್ ಸುಮ್ನೆ ನಿಂತಿರುತ್ತದೆ. ಎರಡು ಬಾಯಿಯದು ಸುಮಾರು ಎರಡೂವರೆ ಕೆ.ಜಿ. ತೂಗುತ್ತದೆ ಅಂದುಕೊಳ್ಳಿ. ಕಚ್ಚಾ ಜಾಬ್ 2, ಮುಗಿದದ್ದು 1.6. ಒಟ್ಟು 6.1 ಕೆ.ಜಿ. ಆಯಿತು. 5 ಕೆ.ಜಿ. ತೋಳು ಅಲ್ಲಿಗೇ ಔಟ್. ಅದರ ಮೇಲೆ, ಭಾರ ಮಣಿಕಟ್ಟಿನಿಂದ ದೂರ ಹೋದಷ್ಟೂ ತೋಳು ಎತ್ತುವ ತೂಕ ಇನ್ನೂ ಕಡಿಮೆಯಾಗುತ್ತದೆ.

ಕೈ ಚಾಚುವ ದೂರವನ್ನೂ ನೋಡಿ. ಯೂನಿವರ್ಸಲ್ ರೋಬೋಟ್ಸ್ ಕಂಪನಿಯ 5 ಕೆ.ಜಿ. ಮಾಡೆಲ್ ಯುಆರ್5ಇ ಚಾಚುವುದು 850 ಮಿ.ಮೀ. ಅದೇ ಕಂಪನಿಯ 12.5 ಕೆ.ಜಿ.ಯ ಯುಆರ್10ಇ 1300 ಮಿ.ಮೀ. ಚಾಚುತ್ತದೆ. ನಡುವೆ ನಿಂತು ಎರಡು ಲೇತಿನ ಚಕ್, ಜಾಬ್ ಮಗುಚುವ ಸ್ಟ್ಯಾಂಡ್, ಟ್ರೇ, ಇಷ್ಟಕ್ಕೂ ಕೈ ಎಟುಕಬೇಕು ಅಂದರೆ 850 ಸಾಲುವುದಿಲ್ಲ. ನೀವು ಯಾವ ಕಂಪನಿಯದನ್ನಾದರೂ ತಗೊಳ್ಳಿ, ಕೇಳಬೇಕಾದದ್ದು 10 ಕೆ.ಜಿ. ಆಸುಪಾಸಿನ ತೋಳು.

ಈಗ ಬೇಲಿ. ಇಲ್ಲೇ ಎಲ್ಲರೂ ಜಾಸ್ತಿ ಎಡವೋದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾರ್ಖಾನೆಯಲ್ಲಿ ಮೊದಲ ರೋಬೋಟ್ ಕೆಲಸಕ್ಕೆ ಬಂದದ್ದು 1961ರಲ್ಲಿ, ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಘಟಕಕ್ಕೆ. ಯೂನಿಮೇಟ್ ಅಂತ ಅದರ ಹೆಸರು, ಕೆಂಡದಂಥ ಡೈಕಾಸ್ಟಿಂಗ್ ಭಾಗಗಳನ್ನು ಎತ್ತಿ ಇಡುವ ಕೆಲಸ. ಆ ಜಾತಿಯ ರೋಬೋಟಿಗೆ ಎದುರಿಗೆ ಮನುಷ್ಯ ಇದ್ದಾನೋ ಕಬ್ಬಿಣ ಇದೆಯೋ ಗೊತ್ತಾಗಲ್ಲ. 1979ರಲ್ಲಿ ಮಿಶಿಗನ್‌ನ ಫೋರ್ಡ್ ಕಾಸ್ಟಿಂಗ್ ಘಟಕದಲ್ಲಿ ಬಿಡಿಭಾಗ ತೆಗೆಯಲು ಒಳಗೆ ಹೋದ ಕಾರ್ಮಿಕನ ತಲೆಗೆ ರೋಬೋಟ್ ಬಡಿದು ಅವನು ಸತ್ತ. 2015ರಲ್ಲಿ ನಮ್ಮ ದೇಶದಲ್ಲೇ, ಹರಿಯಾಣದ ಮಾನೇಸರ್‌ನಲ್ಲಿ, ಜರುಗಿದ ಶೀಟ್ ಸರಿ ಮಾಡಲು ಹೋದ ಹುಡುಗನಿಗೂ ಹೀಗೇ ಆಯಿತು. ಬೇಲಿ, ಅದರ ಬಾಗಿಲು ತೆರೆದರೆ ರೋಬೋಟನ್ನು ನಿಲ್ಲಿಸುವ ಇಂಟರ್‌ಲಾಕ್, ಇವೆಲ್ಲ ಇರೋದು ಇದಕ್ಕೇ.

ಕೋಬೋಟ್ ಅನ್ನೋ ವಿಚಾರವನ್ನು 1996ರ ಸುಮಾರಿಗೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಇಬ್ಬರು ಪ್ರೊಫೆಸರ್‌ಗಳು, ಎಡ್ವರ್ಡ್ ಕೋಲ್ಗೇಟ್ ಮತ್ತು ಮೈಕೆಲ್ ಪೆಶ್ಕಿನ್, ಮುಂದಿಟ್ಟರು. ಈಗ ನಾವು ನೋಡುವ ರೂಪದಲ್ಲಿ ಅದನ್ನು ಮಾರುಕಟ್ಟೆಗೆ ತಂದದ್ದು ಡೆನ್ಮಾರ್ಕಿನ ಯೂನಿವರ್ಸಲ್ ರೋಬೋಟ್ಸ್, 2008ರಲ್ಲಿ. ಇದರ ಕೀಲುಗಳಲ್ಲಿ ಬಲ ಅಳೆಯುವ ವ್ಯವಸ್ಥೆ ಇರುತ್ತದೆ. ಏನಾದರೂ ಅಡ್ಡ ಬಂದು ನಿಗದಿಗಿಂತ ಜಾಸ್ತಿ ಒತ್ತಡ ಬಿದ್ದರೆ ನಿಂತುಬಿಡುತ್ತದೆ. ಎಷ್ಟು ಬಲ ತಾಕಿದರೆ ಪರವಾಗಿಲ್ಲ ಅನ್ನೋದಕ್ಕೆ 2016ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒದಿಂದ ಐಎಸ್ಒ/ಟಿಎಸ್ 15066 ಅಂತ ಒಂದು ದಾಖಲೆ ಬಂತು. ಕೈ ಅಥವಾ ಬೆರಳು ತೋಳಿಗೂ ಇನ್ನೊಂದು ವಸ್ತುವಿಗೂ ನಡುವೆ ಸಿಕ್ಕಿಕೊಂಡರೆ ಮಿತಿ 140 ನ್ಯೂಟನ್, ಅಂದರೆ ಸುಮಾರು 14 ಕೆ.ಜಿ. ಭಾರ ಮೇಲೆ ಕೂತ ಹಾಗೆ. ಮುಖಕ್ಕೆ 65 ನ್ಯೂಟನ್, ಆದರೆ ಮುಖಕ್ಕೆ ತಾಕದ ಹಾಗೇ ಕೆಲಸ ಜೋಡಿಸಬೇಕು.

ಸೇಲ್ಸ್‌ನವರು ತೋಳನ್ನು ಅಂಗೈಯಿಂದ ತಡೆದು ನಿಲ್ಲಿಸಿ ತೋರಿಸಿರಬೇಕು, ಅಲ್ವಾ? ಬರಿಗೈ ತೋಳಿಗೆ ಅದು ಸರಿ. ನಿಮ್ಮ ಶೆಡ್ಡಿನಲ್ಲಿ ಆ ತೋಳಿನ ತುದಿಯಲ್ಲಿ ಈಗಷ್ಟೇ ಟರ್ನ್ ಆದ, ಅಂಚಿನಲ್ಲಿ ಬರ್ (ಚೂಪಾದ ಲೋಹದ ಏಣು) ಎದ್ದಿರುವ ಫ್ಲ್ಯಾಂಜ್ ಇರುತ್ತದೆ. ಬಲ ಅಷ್ಟೇ ಆದರೂ ತಾಕುವ ಜಾಗ ಬ್ಲೇಡಿನಷ್ಟು ಕಿರಿದು. ಪಕ್ಕದಲ್ಲೇ ಗಾಳಿಯ ಒತ್ತಡದಿಂದ ಓಡುವ ಲೇತಿನ ಬಾಗಿಲು, ಬೆರಳು ಸಿಕ್ಕರೆ ಬಿಡದ ಚಕ್. ಅವುಗಳಿಗೆ ಬಲ ಅಳೆಯೋದೆಲ್ಲ ಗೊತ್ತಿಲ್ಲ. ಅದಕ್ಕೇ 2025ರಲ್ಲಿ ಪರಿಷ್ಕರಿಸಿದ, ರೋಬೋಟ್‌ಗಳ ಐಎಸ್ಒ 10218 ಮಾನಕ ಸುರಕ್ಷತೆಯನ್ನು ತೋಳಿನ ಹೆಸರು ನೋಡಿ ತೀರ್ಮಾನಿಸುವುದಿಲ್ಲ. ಗ್ರಿಪ್ಪರ್, ಜಾಬ್, ಬಾಗಿಲು, ಓಡಾಡುವ ದಾರಿ ಎಲ್ಲ ಸೇರಿ ಆ ಕೆಲಸ ಸುರಕ್ಷಿತವಾ ಅಂತ ನೋಡುತ್ತದೆ. "ರಿಸ್ಕ್ ಅಸೆಸ್‌ಮೆಂಟ್ ಮಾಡಿ, ಸಹಿ ಹಾಕಿ ಕೊಡುತ್ತೀರಾ" ಅಂತ ಆ ಸೇಲ್ಸ್‌ನವರನ್ನು ಕೇಳಿ. ಕೊಡಲ್ಲ ಅಂದರೆ ಬೇಲಿ ಬೇಡ ಅನ್ನೋ ಮಾತಿಗೂ ಬೆಲೆ ಇಲ್ಲ.

ಹಾಗಾದರೆ ಸುತ್ತ ಬೇಲಿ ಕಟ್ಟಬೇಕಾ? ಪೂರ್ತಿ ಬೇಡ ಅನಿಸುತ್ತದೆ. ಟ್ರೇ ಹಿಂಭಾಗ ಮತ್ತು ಒಂದು ಪಕ್ಕಕ್ಕೆ ಜಾಲರಿ, ಆಪರೇಟರ್ ಬರುವ ಕಡೆ ನೆಲಮಟ್ಟದ ಲೇಸರ್ ಸ್ಕ್ಯಾನರ್. ಯಾರೂ ಹತ್ತಿರ ಇಲ್ಲದಾಗ ತೋಳು ಜೋರಾಗಿ ಓಡುತ್ತದೆ, ಮನುಷ್ಯ ಬಂದರೆ ನಿಧಾನ ಆಗುತ್ತದೆ, ಇನ್ನೂ ಹತ್ತಿರ ಬಂದರೆ ನಿಲ್ಲುತ್ತದೆ. ಆದರೆ ಸ್ಕ್ಯಾನರ್ ದುಡ್ಡಿನ ಜೊತೆ ಜಾಗವನ್ನೂ ತಿನ್ನುತ್ತದೆ. ಲೆಕ್ಕಕ್ಕೆ ಮನುಷ್ಯ ಸೆಕೆಂಡಿಗೆ 1.6 ಮೀಟರ್ ನಡೆಯುತ್ತಾನೆ ಅಂತ ಹಿಡಿಯುತ್ತಾರೆ. ತೋಳು ಪೂರ್ತಿ ನಿಲ್ಲಲು ಅರ್ಧ ಸೆಕೆಂಡ್ ಬೇಕಾದರೆ 0.8 ಮೀಟರ್ ಆಯಿತು, ಕೈ ಚಾಚುವ ಅಂತರ ಅಂತ ಇನ್ನೂ ಸುಮಾರು 1.2 ಮೀಟರ್ ಸೇರಿಸಿ. ಹತ್ತಿರ ಹತ್ತಿರ ಎರಡು ಮೀಟರ್. ಸಣ್ಣ ಶೆಡ್ಡುಗಳಲ್ಲಿ ಮೆಷಿನ್ ನಡುವಿನ ದಾರಿಯೇ ಒಂದೊಂದು ಸಲ ಅಷ್ಟು ಇರಲ್ಲ. ಟೀ ತರುವ ಹುಡುಗ ಹೋದರೂ ನಿಲ್ಲುತ್ತೆ, ಮೂರನೇ ಮೆಷಿನ್ ಆಪರೇಟರ್ ಅಳತೆ ನೋಡುವ ಗೇಜ್ ತರಲು ಹೋದರೂ ನಿಲ್ಲುತ್ತೆ. ಹಾಗಾದಾಗ ಏನಾಗುತ್ತೆ ಅಂದರೆ, ಎರಡನೇ ವಾರಕ್ಕೆ ಯಾರೋ ಒಬ್ಬರು ಸ್ಕ್ಯಾನರನ್ನೇ ಬೈಪಾಸ್ ಮಾಡಿಡುತ್ತಾರೆ. ಈ ಅಪಾಯಕ್ಕಿಂತ ಮೊದಲೇ ಮೆಷಿನ್ ಸರಿಸಿ ದಾರಿ ಬದಲಿಸೋದು ಅಗ್ಗ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಒಂದು ಶಿಫ್ಟ್ ಯಾರ್ಯಾರು ಎಷ್ಟು ಸಲ ದಾಟುತ್ತಾರೆ ಅಂತ ನೋಡಿ.

ಮಾಮೂಲಿ ಇಂಡಸ್ಟ್ರಿಯಲ್ ರೋಬೋಟನ್ನೂ ತಳ್ಳಿಹಾಕಬೇಡಿ. ಅಷ್ಟೇ ತೂಕ ಎತ್ತುವ ತೋಳು ಎಷ್ಟೋ ಸಲ ಕೋಬೋಟಿಗಿಂತ ಅಗ್ಗಕ್ಕೆ ಸಿಗುತ್ತದೆ, ವೇಗವೂ ಜಾಸ್ತಿ. ಉಳಿಸಿದ ದುಡ್ಡು ಬೇಲಿಗೆ, ಬಾಗಿಲಿನ ಇಂಟರ್‌ಲಾಕ್‌ಗೆ ಹೋಗುತ್ತದೆ ಅಷ್ಟೇ. ವರ್ಷವಿಡೀ ಇದೇ ಫ್ಲ್ಯಾಂಜ್ ಓಡುತ್ತದೆ ಅನ್ನೋ ಗ್ಯಾರಂಟಿ ಇದ್ದರೆ ಅದಕ್ಕೂ ಒಂದು ಕೊಟೇಶನ್ ತರಿಸಿ. ಆದರೆ ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಬದಲಿಸಲು, ಗೇಜ್ ಹಾಕಲು ನಿಮ್ಮ ಹುಡುಗರು ಗಂಟೆಗೊಂದು ಸಲ ಒಳಗೆ ಹೋಗಬೇಕು. ಪ್ರತಿ ಸಲ ಬಾಗಿಲು ತೆಗೆ, ಎಲ್ಲ ನಿಲ್ಲಿಸು, ಮತ್ತೆ ರೀಸೆಟ್ ಮಾಡು. ಮೂರು ಮೆಷಿನ್ನಿನ ಶೆಡ್ಡಿಗೆ ಇದು ಕಿರಿಕಿರಿ. ನಾನಾದರೆ 10 ಕೆ.ಜಿ. ಕೋಬೋಟ್ ಕಡೆಗೇ ವಾಲುತ್ತೇನೆ.

ಬುಷ್ ಮೆಷಿನ್‌ಗೆ ಮಾತ್ರ ರೋಬೋಟ್ ಬೇಡವೇ ಬೇಡ. ಬಾಗಿಲು ತೆಗೆದು, ಗಾಳಿ ಊದಿ, ಜಾಬ್ ಬದಲಿಸಿ ಹೊರಬರಲು ಕೋಬೋಟಿಗೆ 20–25 ಸೆಕೆಂಡ್ ಬೇಕು. ಮೂರು ನಿಮಿಷದ ಜಾಬಿಗೆ ಅದೇನು ಲೆಕ್ಕಕ್ಕಿಲ್ಲ, 40 ಸೆಕೆಂಡಿನದಕ್ಕೆ ಉತ್ಪಾದನೆಯೇ ಬಿದ್ದುಹೋಗುತ್ತದೆ. ರಾಡಿನಿಂದ ಮಾಡುವ ಜಾಬ್ ತಾನೆ, ರಾಡನ್ನು ತಾನೇ ಒಳಗೆ ತಳ್ಳುವ ಬಾರ್ ಫೀಡರ್ ಹಾಕಿ, ಮುಗಿದ ಜಾಬ್ ಹಿಡಿದುಕೊಳ್ಳುವ ಪಾರ್ಟ್ ಕ್ಯಾಚರ್ ಹಾಕಿ. ಇದನ್ನು ಯಾಕೆ ಯಾರೂ ನಿಮಗೆ ಮೊದಲೇ ಹೇಳಲಿಲ್ಲವೋ ಗೊತ್ತಿಲ್ಲ. ಬಹುಶಃ ಬಾರ್ ಫೀಡರ್ ವಿಡಿಯೋದಲ್ಲಿ ಅಷ್ಟು ಚೆನ್ನಾಗಿ ಕಾಣಲ್ಲ.

"ಪ್ರೋಗ್ರಾಮಿಂಗ್ ಬೇಡ" ಅನ್ನೋದು ಅರ್ಧ ನಿಜ. ತೋಳನ್ನು ಕೈಯಲ್ಲಿ ಹಿಡಿದು ಎಳೆದುಕೊಂಡು ಹೋಗಿ ಇಲ್ಲಿ ಹಿಡಿ, ಅಲ್ಲಿ ಇಡು ಅಂತ ಕಲಿಸಬಹುದು. ಐಟಿಐ ಹುಡುಗ ಒಂದೆರಡು ದಿನದಲ್ಲಿ ಕಲಿಯುತ್ತಾನೆ. ತಲೆ ತಿನ್ನುವುದು ಲೇತ್ ಮತ್ತು ತೋಳಿನ ನಡುವಿನ ಮಾತುಕತೆ: ಬಾಗಿಲು ತೆರೆದಿದೆಯಾ, ಚಕ್ ಬಿಟ್ಟಿತಾ, ಹಿಡಿಯಿತಾ, ಸೈಕಲ್ ಶುರು ಮಾಡಲಾ, ಅಲಾರಂ ಬಂತಾ. ನಿಮ್ಮ ಲೇತಿನ ಕಂಟ್ರೋಲರ್‌ನಲ್ಲಿ ಇದಕ್ಕೆಲ್ಲ ಖಾಲಿ ಎಂ-ಕೋಡ್ (ಬಾಗಿಲು, ಚಕ್ ಇಂಥವಕ್ಕೆ ಕೊಡುವ ಆಜ್ಞೆ), ಇನ್‌ಪುಟ್-ಔಟ್‌ಪುಟ್ ಇದೆಯಾ ಅಂತ ಮೆಷಿನ್ ಕಂಪನಿಯವರನ್ನೇ ಕೇಳಿ. ಬಾಗಿಲು ಕೈಯಲ್ಲಿ ಎಳೆಯುವುದಾದರೆ ಅದನ್ನು ಓಡಿಸುವ ಗಾಳಿ ಸಿಲಿಂಡರ್ ಕೂರಿಸಬೇಕು. ಈ ಖರ್ಚುಗಳು 28 ಲಕ್ಷದಲ್ಲಿ ಇವೆಯಾ? ಕೊಟೇಶನ್‌ನಲ್ಲಿ ಬರೀ ತೋಳು, ಗ್ರಿಪ್ಪರ್, ಸ್ಟ್ಯಾಂಡ್ ಇದ್ದರೆ ಬಾಗಿಲು, ಟ್ರೇ, ಸ್ಕ್ಯಾನರ್, ಮಗುಚುವ ಸ್ಟ್ಯಾಂಡ್ ಎಲ್ಲ ಮೇಲಿನ ಖರ್ಚು. ಅಂದಾಜಿಗೆ ಇನ್ನೊಂದು 6 ಲಕ್ಷ ಇಟ್ಟುಕೊಳ್ಳಿ.

ಟ್ರೇ ಅಂದೆನಲ್ಲ, ಅದನ್ನು ಯಾರೂ ಗಂಭೀರವಾಗಿ ತಗೊಳ್ಳಲ್ಲ. ಈಗ ಕಾಸ್ಟಿಂಗ್ (ಎರಕದ ಕಚ್ಚಾ ಜಾಬ್) ನಿಮಗೆ ಕ್ರೇಟಿನಲ್ಲಿ ಸುರಿದುಕೊಂಡು ಬರುತ್ತದೆ. ಮನುಷ್ಯ ಕೈ ಹಾಕಿ ಒಂದನ್ನು ಎತ್ತಿ, ತಿರುಗಿಸಿ ಸರಿಯಾದ ಸೈಡ್ ನೋಡಿಕೊಂಡು ಹಾಕುತ್ತಾನೆ. ರೋಬೋಟಿಗೆ ಪ್ರತಿ ಜಾಬೂ ಹೇಳಿದ ಜಾಗದಲ್ಲೇ, ಹೇಳಿದ ಮುಖದಲ್ಲೇ ಇರಬೇಕು. ಕ್ಯಾಮೆರಾ ಹಾಕಿ ಕ್ರೇಟಿನಿಂದಲೇ ಹೆಕ್ಕಿಸಬಹುದು, ಆದರೆ ದುಡ್ಡೂ ಗೋಳೂ ಎರಡೂ ಜಾಸ್ತಿ, ನಿಮಗೆ ಬೇಡ. ಗೂಟ ಇರುವ ಟ್ರೇ ಸಾಕು. ಫ್ಲ್ಯಾಂಜ್ ವ್ಯಾಸ 100 ಮಿ.ಮೀ. ಇದ್ದರೆ ಗ್ರಿಪ್ಪರ್ ಬೆರಳಿಗೂ ಜಾಗ ಬಿಟ್ಟು 1.2 ಮೀಟರ್ ಉದ್ದ, 0.8 ಮೀಟರ್ ಅಗಲದ ಟೇಬಲ್ ಮೇಲೆ 10 ಸಾಲು, ಸಾಲಿಗೆ 6, ಅಂದರೆ 60 ಜಾಬ್ ಕೂರುತ್ತದೆ. ಮೂರು ನಿಮಿಷಕ್ಕೊಂದು ಅಂದರೆ ಸರಿಯಾಗಿ ಮೂರು ಗಂಟೆ. ರಾತ್ರಿಯಿಡೀ ತಾನೇ ಓಡುತ್ತೆ ಅಂತ ಯಾರಾದರೂ ಹೇಳಿದರೆ ಟ್ರೇ ಯಾರು ತುಂಬುತ್ತಾರೆ ಅಂತ ಕೇಳಿ.

ಇನ್ನು ಚಿಪ್ಸ್, ಅಂದರೆ ಕತ್ತರಿಸುವಾಗ ಏಳುವ ಲೋಹದ ಚೂರು. ಅನುಭವ ಇರುವ ಆಪರೇಟರ್ ಚಕ್ ಬಿಚ್ಚಿದ ಕೂಡಲೇ ಏರ್ ಗನ್ ಒತ್ತುತ್ತಾನೆ, ಕಣ್ಣಲ್ಲೇ ನೋಡಿ ಚಕ್ಕಿನ ಜಾ (ಹಿಡಿಯುವ ದವಡೆ) ಮೇಲೆ ಕೂತ ಚೂರನ್ನು ಬೆರಳಿನಿಂದ ಒರೆಸುತ್ತಾನೆ. ಅವನಿಗೆ ಹಾಗೆ ಮಾಡಿದ್ದೇ ನೆನಪಿರಲ್ಲ, ಅಷ್ಟು ಅಭ್ಯಾಸ. ರೋಬೋಟ್ ಆ ಚೂರಿನ ಮೇಲೇ ಜಾಬ್ ಕೂರಿಸುತ್ತದೆ, ಕತ್ತರಿಸಿದ ಮುಖ ಓರೆಯಾಗುತ್ತದೆ, ಅದೇ ಥರ ಮುಂದಿನ 20 ಜಾಬೂ ಸೀದಾ ರಿಜೆಕ್ಷನ್‌ಗೆ ಹೋಗುತ್ತವೆ. ಜಾಬ್ ಸರಿಯಾಗಿ ಕೂತಿದೆಯಾ ಅಂತ ಗಾಳಿಯ ಒತ್ತಡದಿಂದ ನೋಡುವ ಸೀಟಿಂಗ್ ಸೆನ್ಸರ್ ಬರುತ್ತದೆ, ಅದನ್ನು ಬಿಡಬೇಡಿ. ನಿಮ್ಮ ಅದೃಷ್ಟಕ್ಕೆ ಕಾಸ್ಟ್ ಐರನ್ ಪುಡಿಪುಡಿಯಾಗಿ ಉದುರುತ್ತದೆ. ಸ್ಟೀಲಾಗಿದ್ದರೆ ಸುರುಳಿ ಸುರುಳಿ ಎದ್ದು ಗ್ರಿಪ್ಪರ್‌ಗೆ ಸುತ್ತಿಕೊಳ್ಳುತ್ತಿತ್ತು. ಆದರೆ ಆ ಪುಡಿ ಕೂಲಂಟ್ ಜೊತೆ ಸೇರಿ ಕೀಲಿನ ಸಂದಿಗೆ ಹೋಗುತ್ತದೆ. ತೋಳಿನ ಐಪಿ ರೇಟಿಂಗ್, ಅಂದರೆ ಧೂಳು, ನೀರು ಎಷ್ಟು ತಡೆಯುತ್ತದೆ ಅನ್ನೋ ಅಂಕಿ, ನೋಡಿ. ಯುಆರ್ ಇ-ಸೀರೀಸ್ ಐಪಿ54, ಫ್ಯಾನುಕ್ ಸಿಆರ್‌ಎಕ್ಸ್ ಐಪಿ67. ಮೊದಲ ಥರದ್ದು ತಗೊಂಡರೆ ಬಟ್ಟೆಯ ಜಾಕೆಟ್ ಹಾಕಿಸಿ.

ಮಳೆಗಾಲ ಮರೆಯಬೇಡಿ. ಜುಲೈನಲ್ಲಿ ಮಲೆನಾಡ ಕಡೆಯಿಂದ ಗಾಳಿಮಳೆ ಹೊಡೆದಾಗ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಅಂತ ನಿಮಗೇ ಗೊತ್ತು. ತೋಳು ಚಕ್ ಒಳಗಿರುವಾಗ ಕರೆಂಟ್ ಹೋದರೆ, ಬಂದ ಮೇಲೆ ಅದನ್ನು ಹಿಂದಕ್ಕೆ ತರುವ ಪ್ರೋಗ್ರಾಮ್ ಬೇಕು. ಇಲ್ಲದಿದ್ದರೆ ಹೋಮ್‌ಗೆ ಹೋಗು ಅಂದ ಕೂಡಲೇ ಸೀದಾ ಟೂಲ್ ಹಿಡಿದಿರುವ ಟರೆಟ್‌ಗೆ ಗುದ್ದುತ್ತದೆ. ಕಂಟ್ರೋಲರ್‌ಗೆ ಯುಪಿಎಸ್ ಇಡಿ. ಕಂಪ್ರೆಸರ್ ನಿಂತರೂ ಗ್ರಿಪ್ಪರ್ ಜಾಬನ್ನು ಬೀಳಿಸಬಾರದು, ಸ್ಪ್ರಿಂಗ್‌ನಿಂದ ಹಿಡಿದುಕೊಳ್ಳುವ ಥರದ್ದೇ ಬೇಕು ಅಂತ ಬರೆಸಿ. ಸರ್ವಿಸ್ ವಿಷಯವೂ ಹಾಗೇ. ಬೆಂಗಳೂರಿನಿಂದ ಹಾಸನಕ್ಕೆ 185 ಕಿ.ಮೀ. ದೂರ, "ನಾಳೆ ಬರ್ತೀವಿ ಸಾರ್" ಅನ್ನೋದು ಎಷ್ಟು ದಿನ ಎಳೆಯುತ್ತೆ ಅಂತ ಮೆಷಿನ್ ಇಟ್ಟುಕೊಂಡವರಿಗೆ ಹೇಳಬೇಕಾ? ಕರೆದ ಎಷ್ಟು ಗಂಟೆಯಲ್ಲಿ ಬರಬೇಕು ಅನ್ನೋದು ಕರಾರಿನಲ್ಲಿ ಇರಲಿ, ಗ್ರಿಪ್ಪರ್ ಬೆರಳಿನ ಎರಡು ಸೆಟ್ ನಿಮ್ಮ ಕಪಾಟಿನಲ್ಲೂ ಇರಲಿ.

ದುಡ್ಡಿನ ಲೆಕ್ಕ. ಸೇಲ್ಸ್‌ನವರು ಎರಡು ಮೆಷಿನ್, ಎರಡು ಶಿಫ್ಟ್, ನಾಲ್ಕು ಜನ ಉಳಿತಾಯ, ತಿಂಗಳಿಗೆ 88 ಸಾವಿರ ಅಂತ ಹಿಡಿದಿದ್ದಾರೆ. 28 ಲಕ್ಷವನ್ನು ಅದರಿಂದ ಭಾಗಿಸಿದರೆ 32 ತಿಂಗಳು, ಅದೇ ಅವರ ಎರಡೂವರೆ ವರ್ಷ. ಆದರೆ ಮೂರು ನಿಮಿಷದ ಸೈಕಲ್‌ಗೆ ಒಬ್ಬ ಹುಡುಗ ಈಗಲೇ ಎರಡು ಮೆಷಿನ್ ನೋಡಿಕೊಳ್ಳಬಹುದು. ಲೇತ್‌ಗಳನ್ನು ಎದುರು ಬದುರು ಇಟ್ಟರೆ ಸಾಕು, ಅದಕ್ಕೆ ರೋಬೋಟ್ ಯಾಕೆ? ಹಾಗಾಗಿ ಕೋಬೋಟಿನ ಲೆಕ್ಕಕ್ಕೆ ಬರುವುದು ಶಿಫ್ಟಿಗೆ ಒಬ್ಬನೇ, ತಿಂಗಳಿಗೆ 44 ಸಾವಿರ. ಈ ಕೊಟೇಶನ್ನಿನ 28ಕ್ಕೆ ಮೇಲಿನ 6 ಲಕ್ಷವೂ ಸೇರಿ 34 ಲಕ್ಷ; 10 ಕೆ.ಜಿ. ತೋಳಿನ ಬೆಲೆ ಬೇರೆ ಆದರೆ ಈ ಲೆಕ್ಕವೂ ಬದಲಾಗುತ್ತದೆ. ಬರೀ ಸಂಬಳದಿಂದಲೇ ತೀರಿಸಬೇಕು ಅಂದರೆ ಆರು ವರ್ಷ ದಾಟುತ್ತದೆ, ಬಡ್ಡಿ ಬೇರೆ.

ಕೋಬೋಟ್ ನಿಜವಾಗಿ ದುಡಿಯುವುದು ಮನುಷ್ಯ ಇಲ್ಲದ ಹೊತ್ತಿನಲ್ಲಿ. ಊಟ, ಟೀ, ಶಿಫ್ಟ್ ಬದಲಾಗುವ ಹೊತ್ತು, ಎರಡನೇ ಶಿಫ್ಟ್ ಮುಗಿದ ಮೇಲೆ ತುಂಬಿಟ್ಟು ಹೋದ ಒಂದು ಟ್ರೇ. ಎಲ್ಲ ಸೇರಿ ದಿನಕ್ಕೆ ನಾಲ್ಕು ಗಂಟೆ ಸಿಕ್ಕರೆ 80 ಫ್ಲ್ಯಾಂಜ್, 25 ದಿನಕ್ಕೆ 2000. ಟೂಲು, ಕರೆಂಟು ಕಳೆದು ಒಂದಕ್ಕೆ 15 ರೂಪಾಯಿ ಉಳಿಯುತ್ತೆ ಅಂದುಕೊಂಡರೆ 30 ಸಾವಿರ. ಒಟ್ಟು 74 ಸಾವಿರ ಆಯಿತು, 34 ಲಕ್ಷ ವಾಪಸ್ ಬರಲು 46 ತಿಂಗಳು. ಸುಮಾರು ನಾಲ್ಕು ವರ್ಷ, ಬಡ್ಡಿ ಬಿಟ್ಟು. ನನ್ನ ಪ್ರಕಾರ ಇದು ಕೆಟ್ಟ ಲೆಕ್ಕ ಅಲ್ಲ. ಆದರೆ ತಿಂಗಳಿಗೆ ಇನ್ನೂ 2000 ಫ್ಲ್ಯಾಂಜ್ ತಗೊಳ್ಳೋಕೆ ನಿಮ್ಮ ಪಾರ್ಟಿ ರೆಡಿ ಇದ್ದಾರಾ? ಅವರ ಹತ್ತಿರ ಬಾಯಿಮಾತು ಸಾಲದು, ಶೆಡ್ಯೂಲ್ ಬರೆಸಿಕೊಳ್ಳಿ. ಆರ್ಡರ್ ಇಲ್ಲದೆ ಹೋದರೆ ಮೆಷಿನ್ ಎದುರು ಬದುರು ಇಟ್ಟು, ಬಾರ್ ಫೀಡರ್ ಹಾಕಿಸಿ, ಒಂದು ವರ್ಷ ಸುಮ್ಮನಿರಿ. ಕೈ ಸುಟ್ಟುಕೊಳ್ಳೋದು ಬೇಡ.

ಹುಡುಗರ ವಿಷಯ. ಮುಚ್ಚಿಡಬೇಡಿ, ಆರ್ಡರ್ ಹಾಕೋ ಮುಂಚೆಯೇ ಕೂರಿಸಿಕೊಂಡು ಹೇಳಿ. ನಿಮಗೆ ಇರೋ ತೊಂದರೆ ಜನ ಜಾಸ್ತಿ ಅಂತಲ್ಲ, ನಿಲ್ಲಲ್ಲ ಅಂತ. ಹಾಗಿರುವಾಗ ಇರುವವರನ್ನು ತೆಗೆಯೋದರಲ್ಲಿ ಅರ್ಥವೇ ಇಲ್ಲ. ಕತ್ತರಿಸುವ ಸದ್ದು ಬದಲಾದ ಕೂಡಲೇ ಇನ್ಸರ್ಟ್ ಹೋಯಿತು ಅಂತ ಹೇಳುವ ಒಬ್ಬ ಹುಡುಗ ನಿಮ್ಮಲ್ಲಿ ಇದ್ದೇ ಇರುತ್ತಾನೆ. ಕೋಬೋಟನ್ನು ಅವನ ಕೈಗೆ ಕೊಡಿ, ಸಂಬಳವನ್ನೂ ಏರಿಸಿ, ಇಲ್ಲದಿದ್ದರೆ ಕಲಿತ ಮೇಲೆ ಅವನೂ ಬೆಂಗಳೂರು ಬಸ್ ಹತ್ತುತ್ತಾನೆ. ಉಳಿದವರಿಗೆ ಗೇಜಿಂಗ್, ಡಿಬರಿಂಗ್ (ಬರ್ ತೆಗೆಯೋದು), ಮೆಷಿನ್ ಸೆಟ್ಟಿಂಗ್ ಕಲಿಸಿ. ಮುಂದೆ ಹೊಸಬರನ್ನು ತಗೊಳ್ಳೋದು ಕಡಿಮೆಯಾಗುತ್ತದೆ ಅನ್ನೋದು ನಿಜ, ಅದನ್ನೂ ಹಾಗೇ ಹೇಳಿ. ಹೊಸ ಹುಡುಗರು ಬೇಕಾದಾಗ ಹಾಸನದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ವಿಚಾರಿಸಿ, ಸರ್ಕಾರಿ ಐಟಿಐಗಳಲ್ಲೂ ಕೇಳಿ. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದ್ದಾರೆ, ರೋಬೋಟ್ ಕೋರ್ಸೂ ಅದರಲ್ಲಿ ಸೇರಿದೆ.

ಇಷ್ಟೆಲ್ಲ ಆದ ಮೇಲೂ ಮನಸ್ಸಿದ್ದರೆ, ಅಡ್ವಾನ್ಸ್‌ಗೂ ಮೊದಲು ನಿಮ್ಮ ಕಾಸ್ಟಿಂಗ್ 60 ಎತ್ತಿಕೊಂಡು ಅವರ ಡೆಮೊ ಜಾಗಕ್ಕೆ ಹೋಗಿ. ಆರಿಸಬೇಡಿ. ಮರಳು ಅಂಟಿದ್ದು, ಎರಕದ ರೈಸರ್ ಮುರಿದ ಗುರುತು ಉಬ್ಬಿದ್ದು, ಸ್ವಲ್ಪ ಓರೆ ಇರೋದು ಎಲ್ಲ ಇರಲಿ, ಯಾಕಂದರೆ ಫೌಂಡ್ರಿಯಿಂದ ಬರೋದು ಹಾಗೇ. ಎರಡು ಬಾಯಿಯ ಗ್ರಿಪ್ಪರ್ ಹಾಕಿಸಿ 60ನ್ನೂ ಎತ್ತಿ, ಮಗುಚಿ, ಇಡಿಸಿ. ಮಧ್ಯೆ ಒಂದು ಸಲ ಮೇನ್ ಸ್ವಿಚ್ ಆಫ್ ಮಾಡಿಸಿ. ಒಪ್ಪದವರ ಹತ್ತಿರ ವ್ಯವಹಾರ ಬೇಡ.

ಭಾವನವರಿಗೆ: ಇದೇ ತೋಳು ಆಗಲ್ಲ. ರಫ್ತಿಗೆ ಹೋಗುವ ಕಾಫಿ ಮೂಟೆಯೇ 60 ಕೆ.ಜಿ., ಅದನ್ನು ಎತ್ತುವ ಗ್ರಿಪ್ಪರ್ ತೂಕ ಬೇರೆ. ಗೋಣಿಚೀಲ ಎತ್ತೋದು ನಿದ್ದೆ ಹೋದ ಮಗುವನ್ನು ಎತ್ತಿದ ಹಾಗೆ, ಹಿಡಿದ ಕಡೆಯಿಂದ ಜೋಲುತ್ತದೆ. ವ್ಯಾಕ್ಯೂಮ್ ಕಪ್ ಹಾಕೋಣ ಅಂದರೆ ಸೆಣಬಿನ ಸಂದಿಯಲ್ಲಿ ಗಾಳಿ ಸೋರಿ ಹಿಡಿತ ನಿಲ್ಲಲ್ಲ. ಕೆಳಗಿನಿಂದ ಉಗುರು ಹಾಕಿ ಎತ್ತುವ ಗ್ರಿಪ್ಪರ್, ನೂರು ಕೆ.ಜಿ.ಗಿಂತ ಮೇಲಿನ ಮೂಟೆ ಪೇರಿಸುವ ನಾಲ್ಕು ಆಕ್ಸಿಸ್ (ನಾಲ್ಕು ಕೀಲಿನ) ಪ್ಯಾಲೆಟೈಸಿಂಗ್ ರೋಬೋಟ್, ಸುತ್ತ ಗಟ್ಟಿ ಬೇಲಿ, ಇಷ್ಟೂ ಬೇಕು. ವರ್ಷದಲ್ಲಿ ಕೆಲವೇ ತಿಂಗಳು ಜೋರಾಗಿ ಓಡುವ ಕ್ಯೂರಿಂಗ್‌ಗೆ ಆ ದುಡ್ಡು ಹುಟ್ಟುವುದು ಕಷ್ಟ. ಬೆನ್ನು ನೋವು ತಪ್ಪಿಸೋದೇ ಉದ್ದೇಶ ಆದರೆ ಒಂದು ಬ್ಯಾಗ್ ಕನ್ವೇಯರ್ ಮತ್ತು ಎತ್ತಿಳಿಸುವ ಕತ್ತರಿ ಟೇಬಲ್ ತರಲು ಹೇಳಿ. ಅವರು ಕಾಫಿಪುಡಿ ಪ್ಯಾಕಿಂಗ್ ಕೂಡ ಮಾಡುತ್ತಿದ್ದು, 10 ಕೆ.ಜಿ. ರಟ್ಟಿನ ಬಾಕ್ಸ್ ಜೋಡಿಸುವ ಕೆಲಸ ಇದ್ದರೆ ಅದು ಬೇರೆ ಮಾತು. ಅದಕ್ಕೆ 20 ಕೆ.ಜಿ. ಎತ್ತುವ ಕೋಬೋಟ್ ಸರಿಹೋಗುತ್ತದೆ. ಬಾಕ್ಸಿನ ಅಳತೆ ಮತ್ತು ಗಂಟೆಗೆ ಎಷ್ಟು ಅಂತ ಬರೆದು ಕಳಿಸಲಿ, ನೋಡೋಣ.